ವಿದೇಶಕ್ಕೆ ದುಡಿಯಲು ಹೋಗುವವರು ಮನೆಯಲ್ಲಿ ಬಿಟ್ಟು ಹೋಗಬೇಕಾದ ಕವರು

ಚಿಂತಾಮಣಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಆಧಾರ್ ತಿದ್ದುಪಡಿಗೆ ಅರ್ಜಿ ಹಾಕುವುದು, ಮಕ್ಕಳ ವಿದ್ಯಾರ್ಥಿವೇತನದ ಫಾರಂ ತುಂಬುವುದು ದಿನದ ಕೆಲಸ. ಇದಕ್ಕೂ ಮೊದಲು ಏಳು ವರ್ಷ ಕುವೈತಿನಲ್ಲಿ ಒಂದು ಮನೆಯ ಡ್ರೈವರ್ ಆಗಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ಇದು ಗೊತ್ತಿರುವುದರಿಂದ ಪಾಸ್‌ಪೋರ್ಟ್ ಮಾಡಿಸಬೇಕೆಂದಿರುವವರು, ಮಾಡಿಸಿಕೊಂಡವರು, ಹಿಡಿದುಕೊಂಡು ಹೋದವರ ಮನೆಯವರು ನನ್ನಲ್ಲಿಗೇ ಬರುತ್ತಾರೆ.

ಕಳೆದ ವರ್ಷ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆಯಿಂದ ಒಬ್ಬ ತಾಯಿ ಬಂದರು. ಮಗಳು ಮನೆಗೆಲಸಕ್ಕೆಂದು ಹೋಗಿ ನಾಲ್ಕು ತಿಂಗಳಾಗಿತ್ತು. ಹನ್ನೊಂದು ದಿನದಿಂದ ಫೋನಿಲ್ಲ.

“ಯಾವ ದೇಶ ಅಮ್ಮ?” ಎಂದು ಕೇಳಿದೆ.

“ದುಬೈ.”

ನಮ್ಮ ಕಡೆ ಕೊಲ್ಲಿಯ ಎಲ್ಲ ದೇಶಗಳಿಗೂ ದುಬೈ ಎಂದೇ ಹೆಸರು. ಅವರ ಮೊಬೈಲ್ ತೆಗೆದುಕೊಂಡು ನೋಡಿದರೆ ಮಗಳ ಕರೆಗಳೆಲ್ಲ +968ರಿಂದ ಶುರುವಾಗುವ ನಂಬರಿನಿಂದ ಬಂದಿದ್ದವು. ಅದು ಒಮಾನ್. ಪಾಸ್‌ಪೋರ್ಟ್ ನಂಬರ್ ಗೊತ್ತಿಲ್ಲ, ಕೆಲಸಕ್ಕಿಟ್ಟುಕೊಂಡವರ ಹೆಸರು ಗೊತ್ತಿಲ್ಲ, ವೀಸಾ ಪ್ರತಿ ಇಲ್ಲ. ಇದ್ದದ್ದು ಒಂದೇ ಫೋಟೊ. ವಿಮಾನ ನಿಲ್ದಾಣದ ಬಾಗಿಲಲ್ಲಿ ಮಗಳು ಹೊಸ ಚೂಡಿದಾರ ಹಾಕಿಕೊಂಡು ನಗುತ್ತಾ ನಿಂತಿದ್ದಾಳೆ, ಕೈಯಲ್ಲಿ ಪಾಸ್‌ಪೋರ್ಟ್ ಇದೆ. ನಾನು ಫೋಟೊವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಕಂಡದ್ದು ಮುಚ್ಚಿದ ನೀಲಿ ರಟ್ಟು.

ಆ ಹುಡುಗಿ ಯಾರು, ಎಲ್ಲಿದ್ದಾಳೆ ಎಂಬುದನ್ನು ಕಾಗದದ ಮೇಲೆ ತರುವುದಕ್ಕೇ ನಮಗೆ ಒಂಬತ್ತು ದಿನ ಹಿಡಿಯಿತು. ದೂರು ಕೊಡುವ ಕೆಲಸ ಶುರುವಾದದ್ದು ಅದಾದ ಮೇಲೆ. ಅಂದಿನಿಂದ ಹೊರಡುವವರು ಯಾರೇ ಬಂದರೂ ನಾನು ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಕವರು ಕೊಡುತ್ತೇನೆ. ಅದನ್ನು ಹೇಗೆ ತುಂಬಬೇಕು, ಏನಾದರೂ ಆದಾಗ ಹೇಗೆ ಬಳಸಬೇಕು ಎನ್ನುವುದೇ ಈ ಲೇಖನ.

ಮೊದಲ ಹೆಜ್ಜೆ: ಪಾಸ್‌ಪೋರ್ಟನ್ನು ತೆರೆದು ಓದಿ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’, ಅಂದರೆ ‘ವಲಸೆ ತಪಾಸಣೆ ಅಗತ್ಯ’, ಎಂಬ ಮುದ್ರೆ ಇರುತ್ತದೆ. ಅಂಥವರು ಕುವೈತ್, ಸೌದಿ ಅರೇಬಿಯಾ, ಯುಎಇ, ಒಮಾನ್, ಕತಾರ್, ಬಹರೇನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ವಿದೇಶಾಂಗ ಸಚಿವಾಲಯದ ಕೈಕೆಳಗಿನ ವಲಸಿಗರ ರಕ್ಷಣಾಧಿಕಾರಿಯಿಂದ ಅನುಮತಿ ಪಡೆಯಬೇಕು. 1983ರ ವಲಸೆ ಕಾಯ್ದೆ ಹೇಳುವುದು ಇದನ್ನೇ. ರಕ್ಷಣಾಧಿಕಾರಿಯ ಕಚೇರಿ ಬೆಂಗಳೂರಿನಲ್ಲಿದೆ, ಅರ್ಜಿ ಇ-ಮೈಗ್ರೇಟ್ ಜಾಲತಾಣದ ಮೂಲಕ ಹೋಗುತ್ತದೆ.

ಈ ಮುದ್ರೆಯನ್ನು ಜನ ಅವಮಾನವೆಂದು ತಿಳಿಯುತ್ತಾರೆ, ಏಜೆಂಟರು ಅಡ್ಡಿ ಎಂದು ತಿಳಿಯುತ್ತಾರೆ. ನಕಲಿ ಎಸ್ಎಸ್ಎಲ್‌ಸಿ ಅಂಕಪಟ್ಟಿ ಕೊಟ್ಟು ಮುದ್ರೆ ಇಲ್ಲದ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇವೆ ಎನ್ನುವವರು ಇದ್ದಾರೆ. ಒಪ್ಪಬೇಡಿ. ಸಿಕ್ಕಿಬಿದ್ದರೆ ಕೇಸು ಬೀಳುವುದು ನಿಮ್ಮ ಮೇಲೆ. ಮುದ್ರೆ ಇದ್ದವರಿಗೆ ಕಡ್ಡಾಯವಾಗಿ ಸಿಗುವ ವಿಮೆಯೂ, ನೋಂದಣಿಯಾಗುವ ಕರಾರೂ ಆಗ ಕೈತಪ್ಪುತ್ತವೆ. ಹತ್ತನೇ ತರಗತಿ ನಿಜವಾಗಿಯೇ ಪಾಸಾದವರಿಗೆ ಅನುಮತಿ ಬೇಡ. ಆದರೂ ಇ-ಮೈಗ್ರೇಟ್‌ನಲ್ಲಿ ತಾವಾಗಿಯೇ ಹೆಸರು ನೋಂದಾಯಿಸಬಹುದು. ನೋಂದಾಯಿಸಿ.

ಹೆಸರನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರಿಲ್ಲ. ‘ವೆಂಕಟಮ್ಮ’ ಎಂದರೆ ವೆಂಕಟಮ್ಮ, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಾಗ ಕೆಲವರು ದೇವನಹಳ್ಳಿಯವರೆಗೆ ಹೋಗಿ ಮರಳಿ ಬಂದರು. ಅರ್ಜಿ ಹಾಕುವಾಗಲೇ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಎರಡನೇ ಪದವಾಗಿ ಸೇರಿಸಿಬಿಡಿ.

ಎರಡನೇ ಹೆಜ್ಜೆ: ಏಜೆಂಟ್ ಯಾರೆಂದು ಕೇಳಿ, ನೆಂಟನಾದರೂ ಕೇಳಿ

ಗಡಿಯಾಚೆ ಮದನಪಲ್ಲಿ, ರಾಯಚೋಟಿ ಕಡೆಯಿಂದ ಕುವೈತಿಗೆ ಹೋಗುವುದು ಎರಡು ತಲೆಮಾರಿನ ರೂಢಿ. ಮನೆಯಲ್ಲಿ ತೆಲುಗು ಮಾತಾಡುವ, ಆ ಕಡೆಗೆ ಹೆಣ್ಣು ಕೊಟ್ಟು ತಂದುಕೊಳ್ಳುವ ನಮ್ಮ ತಾಲ್ಲೂಕುಗಳಿಗೆ ಈ ದಾರಿ ನೆಂಟಸ್ತಿಕೆಯ ಜೊತೆಗೇ ಬಂತು. ಹಾಗಾಗಿ ಇಲ್ಲಿ ಏಜೆಂಟ್ ಎಂದರೆ ಸೂಟು ತೊಟ್ಟ ಅಪರಿಚಿತನಲ್ಲ. ಅಕ್ಕನ ನಾದಿನಿ, ಸೋದರಮಾವನ ಷಡ್ಡಕ, ಐದು ವರ್ಷ ಇದ್ದು ಕೈತುಂಬ ಬಳೆ ಹಾಕಿಕೊಂಡು ಬಂದ ಪಕ್ಕದ ಬೀದಿಯ ಹೆಂಗಸು. ಅವರಲ್ಲಿ ಪರವಾನಗಿ ಕೇಳುವುದು ನಮಗೆ ಮರ್ಯಾದೆಗೇಡು ಅನ್ನಿಸುತ್ತದೆ. ನಾನೂ ಕೇಳಿರಲಿಲ್ಲ.

ಕಾನೂನಿನ ಪ್ರಕಾರ ಉಪ ಏಜೆಂಟ್ ಎಂಬ ಹುದ್ದೆಯೇ ಇಲ್ಲ. ವಿದೇಶದ ಕೆಲಸಕ್ಕೆ ಜನರನ್ನು ಸೇರಿಸಲು ವಿದೇಶಾಂಗ ಸಚಿವಾಲಯದ ನೋಂದಣಿ ಪ್ರಮಾಣಪತ್ರ ಬೇಕು. ಅದಿಲ್ಲದೆ ಸೇರಿಸುವುದು ವಲಸೆ ಕಾಯ್ದೆಯ 10ನೇ ಕಲಂ ಪ್ರಕಾರ ಅಪರಾಧ, 24ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು. ನೆಂಟರೊಡನೆ ಜಗಳ ಬೇಡವೆನ್ನುವುದಾದರೆ ಹೀಗೆ ಕೇಳಿ: “ನೀವು ಯಾವ ಕಂಪನಿಯ ಮೂಲಕ ಕಳಿಸುತ್ತೀರಿ? ಅವರ ನೋಂದಣಿ ಸಂಖ್ಯೆ ಕೊಡಿ, ಮಗನ ಕೈಯಲ್ಲಿ ನೋಡಿಸುತ್ತೇನೆ.” ಇ-ಮೈಗ್ರೇಟ್ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಚಾಲ್ತಿಯಲ್ಲಿದೆಯೇ, ಅವಧಿ ಮುಗಿದಿದೆಯೇ, ರದ್ದಾಗಿದೆಯೇ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಸಂಖ್ಯೆ ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅಲ್ಲಿಗೆ ಬಿಟ್ಟುಬಿಡಿ. ನೆಂಟಸ್ತಿಕೆ ಆಮೇಲೆ ಸರಿಹೋಗುತ್ತದೆ.

ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ. ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿ 35,400. ಅದಕ್ಕೆ ರಸೀದಿ ಕೊಡಲೇಬೇಕು. ನಮ್ಮ ಕಡೆ ಗಂಡಸರು ಕೊಡುತ್ತಿರುವುದು ಲಕ್ಷದ ಮೇಲೆ. ಹೆಂಗಸರ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಅವರಿಂದ ಹಣ ಕೇಳುವುದಿಲ್ಲ, ಕೆಲವೊಮ್ಮೆ ಏಜೆಂಟನೇ ಮನೆಗೆ ಹತ್ತೋ ಇಪ್ಪತ್ತೋ ಸಾವಿರ ಕೊಟ್ಟು ಹೋಗುತ್ತಾನೆ. ಸುಮ್ಮನೆ ಸಿಗುತ್ತಿದೆ ಎಂದುಕೊಳ್ಳಬೇಡಿ. ಅಲ್ಲಿನ ಮನೆಯವರಿಂದ ಅವನು ನಾಲ್ಕೈದು ಪಟ್ಟು ತೆಗೆದುಕೊಂಡಿರುತ್ತಾನೆ. ಹೋದ ಮೇಲೆ “ನಿನಗೆ ಇಷ್ಟು ದಿನಾರ್ ಕೊಟ್ಟಿದ್ದೇನೆ, ಎರಡು ವರ್ಷ ಅಲ್ಲಾಡಬೇಡ” ಎಂಬ ಮಾತು ಬರುವುದು ಅದಕ್ಕೇ. ಮನೆಯೊಡೆಯ ಕಚೇರಿಗೆ ಕಟ್ಟಿದ ಹಣ ನಿಮ್ಮ ಸಾಲವಲ್ಲ. ಕುವೈತಿನ ಮನೆಗೆಲಸದವರ ಕಾನೂನಿನಲ್ಲೇ ಕೆಲಸದವರಿಂದ ನೇಮಕಾತಿ ಹಣ ವಸೂಲಿ ಮಾಡುವಂತಿಲ್ಲ ಎಂದಿದೆ.

ಮಹಿಳೆಯರಿಗೆ ಇನ್ನೊಂದು ನಿಯಮವಿದೆ. ಇಸಿಆರ್ ಪಾಸ್‌ಪೋರ್ಟಿನವರಾದರೆ ಆ 18 ದೇಶಗಳಿಗೆ ಕೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು, ಖಾಸಗಿ ಏಜೆಂಟರು ಅವರನ್ನು ಕಳಿಸುವಂತಿಲ್ಲ. ಸರ್ಕಾರಿ ಸಂಸ್ಥೆಗಳೇ ಕಳಿಸಬೇಕು. ನಮ್ಮ ರಾಜ್ಯದಲ್ಲಿ ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ಮೊದಲು ಅಲ್ಲಿ ವಿಚಾರಿಸಿ. ಈ ನಿಯಮ ಒಳ್ಳೆಯ ಉದ್ದೇಶದ್ದೇ ಇರಬಹುದು. ನನ್ನ ಕಣ್ಣಿಗೆ ಕಂಡಂತೆ, ಇಪ್ಪತ್ತೆಂಟರ ವಿಧವೆಯೊಬ್ಬಳಿಗೆ ಇದು ಮುಂಬಾಗಿಲು ಮುಚ್ಚಿತು, ಹಿತ್ತಲ ಬಾಗಿಲಲ್ಲಿ ಏಜೆಂಟ್ ಕಾಯುತ್ತಿದ್ದ. ಆ ಹಿತ್ತಲ ಬಾಗಿಲಿನ ಹೆಸರು ಭೇಟಿ ವೀಸಾ.

ಮೂರನೇ ಹೆಜ್ಜೆ: ವೀಸಾದಲ್ಲಿ ಏನು ಬರೆದಿದೆ

ಭೇಟಿ ವೀಸಾದಲ್ಲಿ ಹೋಗಿ ಕೆಲಸ ಮಾಡುವವರಿಗೆ ಅಲ್ಲಿನ ಕಾರ್ಮಿಕ ಕಾನೂನಿನ ರಕ್ಷಣೆ ಬಲು ಕಡಿಮೆ. ಸಂಬಳ ಕೇಳಲು ಹೋದರೆ ಮೊದಲು ನಿಮ್ಮ ತಪ್ಪೇ ಎದುರಾಗುತ್ತದೆ. ಶ್ರೀನಿವಾಸಪುರದ ಹುಡುಗಿಯನ್ನು ದುಬೈಗೆ ಭೇಟಿ ವೀಸಾದಲ್ಲಿ ಇಳಿಸಿ, ಅಲ್ಲಿಂದ ಒಮಾನಿಗೆ ದಾಟಿಸಿದ್ದರು. “ಹೋದ ಮೇಲೆ ಬದಲಾಯಿಸಿಕೊಡುತ್ತೇವೆ” ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

‘ಆಜಾದ್ ವೀಸಾ’ ಎಂಬುದೂ ಕಾನೂನಿನಲ್ಲಿಲ್ಲ. ಯಾರದ್ದೋ ಹೆಸರಿನಲ್ಲಿ ವೀಸಾ, ದುಡಿಯುವುದು ಇನ್ನೆಲ್ಲೋ, ವರ್ಷಕ್ಕಿಷ್ಟು ಎಂದು ಹೆಸರು ಕೊಟ್ಟವನಿಗೆ ಕಪ್ಪ. ತಪಾಸಣೆಯಲ್ಲಿ ಸಿಕ್ಕಿದರೆ ಗಡಿಪಾರು. ಕುವೈತಿಗೆ ಹೋಗುವವರು 18 ನಂಬರ್, 20 ನಂಬರ್ ಎಂಬ ವ್ಯತ್ಯಾಸ ತಿಳಿದಿರಬೇಕು. 18 ಎಂದರೆ ಕಂಪನಿ ಕೆಲಸ, 20 ಎಂದರೆ ಮನೆಗೆಲಸ. ಡ್ರೈವರ್, ತೋಟದವನು, ಅಡುಗೆಯವನು ಎಲ್ಲರೂ 20ರಲ್ಲೇ ಬರುತ್ತಾರೆ. ನಾನು ಕಂಪನಿಯ ಡ್ರೈವರ್ ಎಂದುಕೊಂಡು ಹೋದವನು, ನಂಬರ್ 20 ಎಂದು ತಿಳಿದದ್ದು ಅಲ್ಲಿ ಇಳಿದ ಮೇಲೆ.

ಐಟಿಐ, ಪದವಿ ಮುಗಿಸಿದ ಹುಡುಗರಿಗೆ ಒಂದು ಮಾತು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಸಂದರ್ಶನ ವಾಟ್ಸ್ಆ್ಯಪಿನಲ್ಲಿ, ಟಿಕೆಟ್ ಅವರದೇ ಎಂದರೆ ಅದು ಸೈಬರ್ ವಂಚನೆಯ ಕೂಡುದೊಡ್ಡಿ. ಬ್ಯಾಂಕಾಕಿನಲ್ಲಿ ಇಳಿಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡ್ಡಿಗೋ, ಇಲ್ಲವೇ ಕಾಂಬೋಡಿಯಾ, ಲಾವೋಸ್‌ಗೋ ಸಾಗಿಸುತ್ತಾರೆ. 2025ರ ಮಾರ್ಚಿನಲ್ಲಿ ಅಲ್ಲಿಂದ ನೂರಾರು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು.

ನಾಲ್ಕನೇ ಹೆಜ್ಜೆ: ಸಾಲದ ಲೆಕ್ಕವನ್ನು ಹೆಂಡತಿಯ ಎದುರಿಗೆ ಹಾಕಿ

ಬೋರ್‌ವೆಲ್ ಸಾವಿರದ ಇನ್ನೂರು ಅಡಿಗೆ ಹೋಗಿ ಬರಿದಾದ ಮೇಲೆಯೇ ನಮ್ಮಲ್ಲಿ ಹೆಚ್ಚಿನವರು ಪಾಸ್‌ಪೋರ್ಟ್ ಮಾಡಿಸುವುದು. ಅಂದರೆ ಹೊರಡುವಾಗಲೇ ಒಂದು ಸಾಲವಿರುತ್ತದೆ, ಏಜೆಂಟನಿಗಾಗಿ ಇನ್ನೊಂದು. ಆ ಎರಡನೆಯದರ ಲೆಕ್ಕ ಹೀಗೆ. 1,20,000 ರೂಪಾಯಿ, ಮೂರು ರೂಪಾಯಿ ಬಡ್ಡಿ. ತಿಂಗಳಿಗೆ ಬಡ್ಡಿಯೇ 3,600. ಅಲ್ಲಿ ಮೊದಲ ಎರಡು ತಿಂಗಳ ಸಂಬಳ ಕೈಗೆ ಬರುವುದಿಲ್ಲ ಎಂದಿಟ್ಟುಕೊಳ್ಳಿ, ಬಹುತೇಕ ಹಾಗೆಯೇ ಆಗುತ್ತದೆ. ಆಮೇಲೆ ತಿಂಗಳಿಗೆ 20,000 ಕಳಿಸಿದರೆ ಹತ್ತು ತಿಂಗಳಿಗೆ 1,60,000. ಮನೆಯ ಖರ್ಚು ತಿಂಗಳಿಗೆ ಹತ್ತು ಸಾವಿರದಂತೆ ಒಂದು ಲಕ್ಷ, ಬಡ್ಡಿ 36,000. ಅಸಲಿಗೆ ಸೇರುವುದು 24,000. ಹತ್ತು ತಿಂಗಳು ದುಡಿದರೂ 96,000 ಸಾಲ ಹಾಗೇ ಕೂತಿರುತ್ತದೆ.

ಮನೆಯೊಡೆಯ ಎಷ್ಟು ಕೆಟ್ಟವನಾದರೂ ಕೆಲಸದವರು ಬಾಯಿ ಮುಚ್ಚಿಕೊಂಡಿರುವುದು ಈ ಲೆಕ್ಕದಿಂದ. ಸಾಲ ಕಡಿಮೆಯಾದಷ್ಟೂ ಅಲ್ಲಿ ‘ಆಗುವುದಿಲ್ಲ’ ಎನ್ನುವ ಧೈರ್ಯ ಹೆಚ್ಚು. ಕೈಸಾಲಕ್ಕಿಂತ ಸ್ತ್ರೀಶಕ್ತಿ ಸಂಘದ ಸಾಲ ಅಗ್ಗ, ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ತೆಗೆದ ಸಾಲವೂ ಅಗ್ಗ. ಏಜೆಂಟನಿಗೆ ನಗದು ಕೊಡಬೇಡಿ. ಬ್ಯಾಂಕ್ ಖಾತೆಗೋ ಫೋನ್ ಪೇಗೋ ಹಾಕಿ, ಯಾವುದಕ್ಕೆ ಕೊಟ್ಟದ್ದೆಂದು ಒಂದು ಸಾಲು ಸಂದೇಶ ಕಳಿಸಿ. ಆ ಪರದೆಯ ಚಿತ್ರ ಕವರಿಗೆ.

ಐದನೇ ಹೆಜ್ಜೆ: ಕರಾರು, ಅನುಮತಿ, ವಿಮೆ

ಕರಾರಿನಲ್ಲಿ ನೋಡಬೇಕಾದದ್ದು ಕೆಲವೇ ಸಾಲು. ಮೂಲ ಸಂಬಳ ಎಷ್ಟು, ಅದು ಊಟ-ವಸತಿ ಬಿಟ್ಟೋ ಸೇರಿಯೋ. ದಿನಕ್ಕೆ ಎಷ್ಟು ಗಂಟೆ. ವಾರದ ರಜೆ ಇದೆಯೇ. ವಾಸದ ಪರವಾನಗಿಯ ಶುಲ್ಕ ಮತ್ತು ವಾಪಸ್ ಟಿಕೆಟ್ ಯಾರದು. ಮಧ್ಯದಲ್ಲಿ ಬಿಟ್ಟರೆ ಏನು. ಏಜೆಂಟ್ ಬಾಯಲ್ಲಿ ಹೇಳಿದ ಸಂಬಳವೂ ಕಾಗದದ ಸಂಬಳವೂ ಒಂದೇ ಇರಬೇಕು. ಅಲ್ಲಿ ಇಳಿದ ಮೇಲೆ ಅರಬ್ಬಿಯಲ್ಲಿರುವ ಇನ್ನೊಂದು ಕಾಗದ ಮುಂದಿಟ್ಟು ಸಹಿ ಮಾಡಿಸಿಕೊಳ್ಳುವುದು ಹಳೆಯ ಆಟ. ಮಾಡದೆ ವಿಧಿಯಿಲ್ಲದಿದ್ದರೂ ಮೊದಲು ಒಂದು ಫೋಟೊ ತೆಗೆದುಕೊಂಡು ಮನೆಗೆ ಕಳಿಸಿ.

ಹೆಬ್ಬೆಟ್ಟಿನ ಬಗ್ಗೆ ನಮ್ಮ ಜಿಲ್ಲೆಗಳಿಗೆ ಹಳೆಯ ನೆನಪಿದೆ. ಕೋಲಾರದ ಚಿನ್ನದ ಗಣಿಯಲ್ಲಿ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದ್ದು ಬೆರಳಚ್ಚು ತೆಗೆದುಕೊಳ್ಳುವ ಪದ್ಧತಿಯ ವಿರುದ್ಧ. ಓದು ಬಾರದ ಆ ಜನಕ್ಕೂ ಶಾಯಿಯ ಗುರುತು ಎಂಥ ಬೇಡಿಯಾಗಬಲ್ಲುದೆಂದು ಗೊತ್ತಿತ್ತು.

ಇಸಿಆರ್‌ನವರಿಗೆ ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ತೆರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಕಟ್ಟಬೇಕಾದ ಕಂತು ಒಂದು ಹೊತ್ತಿನ ಬಾಡೂಟದ ಹಣ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ಬೆಳಗಿನ ಜಾವ, ಹೆಚ್ಚಿನವರು ನಿದ್ದೆಯಲ್ಲಿದ್ದರು. ವಿಮೆಯ ಕಾಗದ ಯಾರ ಮನೆಯ ಪೆಟ್ಟಿಗೆಯಲ್ಲಿದೆ, ಯಾರ ಮನೆಯಲ್ಲಿಲ್ಲ ಎಂಬುದು ಅಂಥ ದಿನ ಗೊತ್ತಾಗುತ್ತದೆ. ಹೊರಡುವ ಮುನ್ನ ಸರ್ಕಾರ ಒಂದು ದಿನದ ತಿಳಿವಳಿಕೆ ತರಬೇತಿಯನ್ನೂ ಉಚಿತವಾಗಿ ಕೊಡುತ್ತದೆ. ಸರ್ಟಿಫಿಕೇಟಿಗಾಗಿ ಹೋಗಿ ಹಿಂದಿನ ಸಾಲಿನಲ್ಲಿ ತೂಕಡಿಸಬೇಡಿ.

ಆರನೇ ಹೆಜ್ಜೆ: ಕವರು

ಇನ್ನು ಕವರಿನ ವಿಷಯ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕರಾರು, ವಿಮೆಯ ಪಾಲಿಸಿ, ಟಿಕೆಟ್, ಹಣ ಕೊಟ್ಟ ರಸೀದಿಗಳ ಪ್ರತಿ. ಏಜೆಂಟನ ಹೆಸರು, ಮನೆ ಇರುವ ಜಾಗ, ಎಲ್ಲ ಫೋನ್ ನಂಬರುಗಳು. ಏಜೆಂಟನ ಧ್ವನಿ ಸಂದೇಶಗಳನ್ನು ಅಳಿಸಬೇಡಿ, ಹಳೆಯ ಫೋನನ್ನು ಮಾರಬೇಡಿ. ಪಾಸ್‌ಪೋರ್ಟ್ ಗಾತ್ರದ ಎರಡು ಫೋಟೊ. ಒಂದು ಖಾಲಿ ಹಾಳೆ, ಅದರ ಮೇಲೆ ‘ಅಲ್ಲಿಂದ ತುಂಬಬೇಕಾದದ್ದು’ ಎಂದು ಬರೆದು ನಾಲ್ಕು ಸಾಲು ಬಿಡಿ: ಮನೆಯೊಡೆಯನ ಪೂರ್ತಿ ಹೆಸರು, ವಿಳಾಸ, ಅವನ ಫೋನ್, ಅಲ್ಲಿನ ಗುರುತಿನ ಚೀಟಿಯ ಸಂಖ್ಯೆ. ಹೋದ ಮೊದಲ ವಾರದಲ್ಲೇ ಫೋನಿನಲ್ಲಿ ಹೇಳಿ ಬರೆಸಬೇಕು. ಇಳಿದ ದಿನವೇ ವಾಟ್ಸ್ಆ್ಯಪಿನಲ್ಲಿ ಲೊಕೇಶನ್ ಕಳಿಸಬೇಕು. ವಿಳಾಸ ಓದಲು ಬಾರದವರಿಗೂ ಇದು ಸುಲಭ.

ಕವರನ್ನು ಎಲ್ಲಿಡುವುದು? ದೇವರ ಫೋಟೊದ ಹಿಂದೆ ಇಡುವವರೇ ಹೆಚ್ಚು. ಒಂದು ಮನೆಯಲ್ಲಿ ಅದಕ್ಕೆ ಗೆದ್ದಲು ಹಿಡಿದಿತ್ತು. ಅಕ್ಕಿಯ ಡಬ್ಬಿಯ ಮೇಲೆ ಇಡಿ, ದಿನಾ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಓದು ಬರುವ ಒಬ್ಬರಿಗೆ, ಒಂಬತ್ತನೇ ತರಗತಿಯ ಮಗಳಾದರೂ ಸರಿ, ಒಳಗೆ ಏನೇನಿದೆಯೆಂದು ಒಂದು ಸಲ ತೆಗೆದು ತೋರಿಸಿ.

ಏಳನೇ ಹೆಜ್ಜೆ: ಅಲ್ಲಿ

ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಅದನ್ನು ಮನೆಯೊಡೆಯ ಇಟ್ಟುಕೊಳ್ಳುವುದು ಕುವೈತ್, ಸೌದಿ, ಯುಎಇ, ಕತಾರ್‌ಗಳಲ್ಲಿ ಆಯಾ ದೇಶದ ಕಾನೂನಿಗೇ ವಿರುದ್ಧ. ಹಾಗಂತ ಇಳಿದ ದಿನವೇ ಜಗಳ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ನನ್ನದನ್ನೂ “ಭದ್ರವಾಗಿರಲಿ” ಎಂದು ಮೊದಲ ರಾತ್ರಿಯೇ ಬೀರುವಿಗೆ ಸೇರಿಸಿದ್ದರು. ಫೋನಿನಲ್ಲಿ ಪ್ರತಿ ಇಟ್ಟುಕೊಳ್ಳಿ, ವಾಸದ ಗುರುತಿನ ಚೀಟಿಯನ್ನು ಮಾತ್ರ ಯಾವತ್ತೂ ಕೈಬಿಡಬೇಡಿ.

ನಿಮ್ಮ ಹಕ್ಕುಗಳು ಊಹೆಯವಲ್ಲ, ಅಂಕಿಗಳಲ್ಲಿವೆ. ಕುವೈತಿನ 2015ರ 68ನೇ ಕಾನೂನು ಮನೆಗೆಲಸದವರಿಗೆ ದಿನಕ್ಕೆ 12 ಗಂಟೆಯ ಮಿತಿ, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ, ಬಿಡುವಾಗ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಎಂದು ಹೇಳಿದೆ. ಕನಿಷ್ಠ ಸಂಬಳ 60 ದಿನಾರ್. ಯುಎಇಯಲ್ಲಿ 2022ರ ಕಾನೂನಿನಂತೆ ಮನೆಗೆಲಸದವರಿಗೆ ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಎಡೆಬಿಡದೆ. ಕತಾರ್‌ನಲ್ಲಿ 2021ರಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್, ವಸತಿ ಕೊಡದಿದ್ದರೆ ಮೇಲೆ 500, ಊಟ ಕೊಡದಿದ್ದರೆ 300. ಕಟ್ಟಡ ಕೆಲಸದಂಥ ಬಯಲಿನ ಕೆಲಸಕ್ಕೆ ಬೇಸಿಗೆಯಲ್ಲಿ ಮಧ್ಯಾಹ್ನದ ನಿಷೇಧವಿದೆ. ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ 11ರಿಂದ 4, ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12:30ರಿಂದ 3. ಅಡುಗೆಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವುದು ಇದಾವುದನ್ನೂ ಕೇಳುವುದಿಲ್ಲ, ನಿಜ. ಆದರೂ ಅಧಿಕಾರಿಯ ಎದುರು ನಿಂತಾಗ “ತುಂಬಾ ಕಷ್ಟ ಕೊಡುತ್ತಾರೆ” ಎನ್ನುವುದಕ್ಕಿಂತ “ದಿನಕ್ಕೆ 17 ಗಂಟೆ ಕೆಲಸ, ಆರು ವಾರದಿಂದ ರಜೆಯಿಲ್ಲ” ಎಂದರೆ ಬರೆದುಕೊಳ್ಳುತ್ತಾರೆ.

ಅದಕ್ಕಾಗಿ ಒಂದು ಪುಟ್ಟ ಪುಸ್ತಕ ಇಡಿ. ನನ್ನ ಕಥೆ ಹೇಳುತ್ತೇನೆ. ಐದನೇ ವರ್ಷದಲ್ಲಿ ನನಗೆ ನಾಲ್ಕು ತಿಂಗಳ ಸಂಬಳ ನಿಂತಿತು. ಕಾರಿಗೆ ಹಾಕಿಸಿದ ಪೆಟ್ರೋಲಿನ ಲೆಕ್ಕವನ್ನು ನಾನೊಂದು ನೋಟ್ ಬುಕ್ಕಿನಲ್ಲಿ ಬರೆದು ತಿಂಗಳ ಕೊನೆಗೆ ಮನೆಯ ಯಜಮಾನಿಗೆ ತೋರಿಸುತ್ತಿದ್ದೆ, ಅವರು ಅಡಿಯಲ್ಲಿ ಸಹಿ ಹಾಕುತ್ತಿದ್ದರು. ಅದೇ ಪುಟದಲ್ಲಿ ಆ ತಿಂಗಳ ಸಂಬಳ ಬಂದದ್ದನ್ನೂ ಬರೆಯುವುದು ನನ್ನ ರೂಢಿ. ಕನ್ನಡದಲ್ಲಿ ‘ಸಂಬಳ’, ಮುಂದೆ ಇಂಗ್ಲಿಷ್ ಅಂಕಿ. ಬಾರದ ತಿಂಗಳು ಒಂದು ಗೀಟು. ಮನೆಗೆಲಸದವರ ದೂರು ಕೇಳುವ ಕಚೇರಿಯಲ್ಲಿ ಯಜಮಾನನ ಕಡೆಯವರು ಎಲ್ಲ ಕೊಟ್ಟಾಗಿದೆ ಎಂದರು. ನಾನು ಪುಸ್ತಕ ಮೇಜಿನ ಮೇಲಿಟ್ಟೆ. ಗುಮಾಸ್ತನಿಗೆ ಕನ್ನಡ ಬಾರದು, ಅಂಕಿ ಬರುತ್ತಿತ್ತು, ಸಹಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಗೀಟು ಎಳೆದ ನಾಲ್ಕು ಪುಟಗಳ ಮೇಲೆ ಅವನು ಬೆರಳಿಟ್ಟು ಒಂದೊಂದಾಗಿ ಎಣಿಸಿದ. ಮೂರು ತಿಂಗಳದ್ದು ಬಂತು. ನಾಲ್ಕನೆಯದನ್ನು ನಾನೇ ಬಿಟ್ಟೆ, ಊರಿಗೆ ಹೊರಡುವ ಆತುರ.

ಸಂಬಳ ಬ್ಯಾಂಕ್ ಖಾತೆಗೇ ಬರಲಿ ಎಂದು ಕೇಳಿ. ಖಾಲಿ ಕಾಗದಕ್ಕೆ ಸಹಿ ಬೇಡ. ಏನೇ ಆದರೂ ದೂರು ಕೊಡದೆ ಮನೆ ಬಿಟ್ಟು ಪರಿಚಿತರ ಕೋಣೆಯಲ್ಲಿ ಅಡಗಬೇಡಿ. ನೀವು ಕಾಣೆಯಾದ ದಿನವೇ ‘ಓಡಿಹೋದವರು’ ಎಂದು ಯಜಮಾನ ದೂರು ದಾಖಲಿಸಬಹುದು, ಆಮೇಲೆ ನೀವು ಕಾನೂನು ಮೀರಿ ಉಳಿದವರಾಗುತ್ತೀರಿ. ಹೊಡೆತ, ಲೈಂಗಿಕ ಕಿರುಕುಳ, ಊಟ ಕೊಡದಿರುವುದು ಇಂಥದ್ದಾದರೆ ಕಾಯಬೇಡಿ. ಹೊರಬಿದ್ದವರು ನೇರ ಭಾರತದ ರಾಯಭಾರ ಕಚೇರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಟ್ಯಾಕ್ಸಿಯವನಿಗೆ ‘ಇಂಡಿಯನ್ ಎಂಬಸಿ’ ಎಂದರೆ ಸಾಕು. ಕುವೈತಿನಲ್ಲಿ ರಾಯಭಾರ ಕಚೇರಿಯ ಅಡಿಯಲ್ಲೇ ಮಹಿಳೆಯರಿಗೆ ಆಶ್ರಯವಿದೆ. ದುಬೈ, ರಿಯಾದ್, ಜಿದ್ದಾ, ಕೌಲಾಲಂಪುರಗಳಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳಿವೆ. ಊಟ, ವಸತಿ, ವಕೀಲರು, ವಾಪಸ್ ಟಿಕೆಟ್‌ಗೆಂದು 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಸ್ಥಾಪನೆಯಾಗಿದೆ. ಅದರ ಹೆಸರು ಹೇಳಿಯೇ ಕೇಳಿ. ಹೆಸರು ಗೊತ್ತಿದ್ದವರಿಗೆ ಉತ್ತರ ಬೇಗ ಸಿಗುತ್ತದೆ, ಯಾಕೋ.

ಎಂಟನೇ ಹೆಜ್ಜೆ: ಫೋನ್ ನಿಂತಾಗ ಮನೆಯವರು ಮಾಡಬೇಕಾದದ್ದು

ಮೂರು ದಿನ ಫೋನಿಲ್ಲದಿದ್ದರೆ ಕವರು ತೆಗೆಯಿರಿ. ಏಜೆಂಟ್ “ಮೇಡಂ ಫೋನ್ ಇಟ್ಟುಕೊಂಡಿದ್ದಾರೆ, ನಾಡಿದ್ದು ಮಾಡಿಸುತ್ತೇನೆ” ಎನ್ನುತ್ತಾನೆ. ಆ ನಾಡಿದ್ದು ಬರುವುದಿಲ್ಲ. ವಿದೇಶಾಂಗ ಸಚಿವಾಲಯದ ಸಹಾಯವಾಣಿ 1800 11 3090ಕ್ಕೆ ಕರೆ ಮಾಡಿ, ಶುಲ್ಕವಿಲ್ಲ. ಅದೇ ದಿನ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಿ. ದೂರು ಆಯಾ ದೇಶದ ರಾಯಭಾರ ಕಚೇರಿಗೆ ಹೋಗುತ್ತದೆ, ನಿಮಗೊಂದು ಸಂಖ್ಯೆ ಸಿಗುತ್ತದೆ.

ದೂರಿನಲ್ಲಿ ಗೋಳು ಕಡಿಮೆ ಇರಲಿ. ನಾನು ಬರೆದುಕೊಡುವುದು ಹೀಗೆ: “ನನ್ನ ಮಗಳು ಇಂಥವಳು, ಪಾಸ್‌ಪೋರ್ಟ್ ಸಂಖ್ಯೆ ಇಂಥದ್ದು, ಇಂಥ ದಿನ ಬೆಂಗಳೂರಿನಿಂದ ಇಂಥ ವಿಮಾನದಲ್ಲಿ ಹೋದಳು. ಇಂಥವರ ಮನೆಯಲ್ಲಿ ಕೆಲಸ, ಲೊಕೇಶನ್ ಲಗತ್ತಿಸಿದೆ. ಕೊನೆಯ ಕರೆ ಇಂಥ ದಿನ, ಆಗ ಹೇಳಿದ್ದು ಇಷ್ಟು. ಮೂರು ತಿಂಗಳ ಸಂಬಳ ಬಂದಿಲ್ಲ. ಅವಳನ್ನು ಭೇಟಿ ಮಾಡಿ, ಅವಳ ಇಚ್ಛೆ ಕೇಳಿ, ಬಯಸಿದರೆ ಬಾಕಿ ಸಂಬಳದೊಂದಿಗೆ ವಾಪಸ್ ಕಳಿಸಬೇಕು.” ಕೊನೆಯ ವಾಕ್ಯದಲ್ಲಿ ಏನು ಬೇಕೆಂದು ಸ್ಪಷ್ಟವಾಗಿರಬೇಕು. ಬಾಕಿ ಸಂಬಳದ ಮಾತು ಬಿಟ್ಟರೆ, ಕಳಿಸಿದರೆ ಸಾಕೆಂದು ಅದನ್ನು ಮನ್ನಾ ಮಾಡಿಸಿಬಿಡುತ್ತಾರೆ.

ಇನ್ನೊಂದು ಪ್ರತಿ ಪೊಲೀಸ್ ಠಾಣೆಗೆ. “ವಿದೇಶದ ವಿಷಯ, ನಮ್ಮ ವ್ಯಾಪ್ತಿಯಲ್ಲ” ಎಂದು ಹೇಳಿದರೆ ನಿಧಾನವಾಗಿ ಹೇಳಿ: ಹಣ ಕೊಟ್ಟದ್ದು, ಮಾತಾಡಿದ್ದು, ಕಳಿಸಿದ್ದು ಇಲ್ಲಿ. ವಲಸೆ ಕಾಯ್ದೆಯ 10 ಮತ್ತು 24ನೇ ಕಲಂ, ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಮಾನವ ಸಾಗಣೆಗೆ 143 ಇವೆ. ವ್ಯಾಪ್ತಿ ಯಾವುದೇ ಇದ್ದರೂ ಠಾಣೆಯವರು ದೂರು ತೆಗೆದುಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಂಚೆ ರಸೀದಿ ಕವರಿಗೆ. ಇಲ್ಲೊಂದು ಸೂಕ್ಷ್ಮವಿದೆ, ವಕೀಲರಲ್ಲೂ ಎಲ್ಲರಿಗೆ ಗೊತ್ತಿರುವುದಿಲ್ಲ. ವಲಸೆ ಕಾಯ್ದೆಯ ಮೊಕದ್ದಮೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ಎಷ್ಟೋ ಕೇಸುಗಳು ಅಲ್ಲೇ ಕೊಳೆಯುತ್ತವೆ. ಆದರೆ ಹೋದವರೇ, ಅಥವಾ ಅವರ ಪರವಾಗಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ದೂರುದಾರರಾದರೆ ಆ ಅನುಮತಿ ಬೇಡ ಎಂದು 27ನೇ ಕಲಂ ಹೇಳುತ್ತದೆ. ಆದ್ದರಿಂದ ದೂರಿಗೆ ಊರ ಮುಖಂಡರ ಸಹಿ ಬೇಡ, ತಾಯಿಯ ಸಹಿ ಇರಲಿ.

ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ನ್ಯಾಯಾಲಯದ ಆವರಣದಲ್ಲೇ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. ಸಹಾಯವಾಣಿ 15100. ಸಂಸದರ ಕಚೇರಿಗೂ ಒಂದು ಪ್ರತಿ ಕೊಡಿ. ಅವರ ಪತ್ರ ಜೊತೆಗಿದ್ದರೆ ಕಡತ ಸ್ವಲ್ಪ ಚುರುಕಾಗುತ್ತದೆ.

ಕೊನೆಯ ಹೆಜ್ಜೆ: ವಾಪಸ್ ಬರುವಾಗ

ಟಿಕೆಟ್ ಕೈಗಿಡುವ ದಿನವೇ ‘ಎಲ್ಲ ಬಾಕಿ ಚುಕ್ತಾ’ ಎಂಬ ಕಾಗದ ಬರುತ್ತದೆ. ಹಣ ಎಣಿಸಿಕೊಂಡ ಮೇಲೆ ಸಹಿ. ಸೇವಾಂತ್ಯದ ಹಣ ಕೇಳಲು ಮರೆಯಬೇಡಿ. ಮನೆಗೆಲಸದವರ ಲೆಕ್ಕ ಆಗಲೇ ಹೇಳಿದೆ, ಕುವೈತಿನ ಕಂಪನಿಗಳಲ್ಲಿ ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 15 ದಿನದ ಸಂಬಳ, ಯುಎಇಯಲ್ಲಿ 21 ದಿನದ ಮೂಲ ಸಂಬಳ. ಕೇಸು ನಡೆಯುತ್ತಿರುವಾಗಲೇ ಬರಬೇಕಾದರೆ ಅಲ್ಲಿನ ರಾಯಭಾರ ಕಚೇರಿಯಲ್ಲಿ ವಿಚಾರಿಸಿ, ನಂಬಿಕಸ್ಥರಿಗೆ ಅಧಿಕಾರಪತ್ರ ಬರೆದುಕೊಟ್ಟು ಬನ್ನಿ. ಇಲ್ಲದಿದ್ದರೆ ವಿಮಾನ ಹತ್ತಿದೊಡನೆ ಕಡತ ಮುಚ್ಚುತ್ತದೆ.

ಶ್ರೀನಿವಾಸಪುರದ ಹುಡುಗಿ ಐದು ತಿಂಗಳ ಮೇಲೆ ಮರಳಿದಳು. ಪಾಸ್‌ಪೋರ್ಟ್ ಆ ಮನೆಯಲ್ಲೇ ಉಳಿದುಹೋದದ್ದರಿಂದ ರಾಯಭಾರ ಕಚೇರಿ ಕೊಟ್ಟ ತುರ್ತು ಪ್ರಮಾಣಪತ್ರದಲ್ಲಿ ಬಂದಿದ್ದಳು. ಒಂದೇ ಪ್ರಯಾಣಕ್ಕೆ ಆಗುವ ಕಾಗದ ಅದು. ಬೆಂಗಳೂರಿನಲ್ಲಿ ಇಳಿದಾಗ ವಲಸೆ ಅಧಿಕಾರಿಗಳು ಅದನ್ನು ವಾಪಸ್ ತೆಗೆದುಕೊಂಡರು. ಆಮೇಲೆ ಏಜೆಂಟನ ಮೇಲಿನ ದೂರಿನಲ್ಲಿ ‘ಒಮಾನಿನಿಂದ ಯಾವಾಗ, ಹೇಗೆ ಬಂದೆ’ ಎಂಬ ಪ್ರಶ್ನೆ ಎದ್ದಾಗ ತೋರಿಸಲು ಅವಳಲ್ಲಿದ್ದದ್ದು ವಿಮಾನದ ಬೋರ್ಡಿಂಗ್ ಪಾಸಿನ ಹರಿದ ಅರ್ಧ, ಚೂಡಿದಾರದ ಜೇಬಿನಲ್ಲಿ ಮುದುಡಿಕೊಂಡು ಉಳಿದದ್ದು. ಅದನ್ನು ಇಸ್ತ್ರಿ ಪೆಟ್ಟಿಗೆಯಿಂದ ಹಗುರವಾಗಿ ಒತ್ತಿ ನೇರ ಮಾಡಿ ಮೂರು ಪ್ರತಿ ತೆಗೆದುಕೊಟ್ಟೆ. ತುರ್ತು ಪ್ರಮಾಣಪತ್ರದಲ್ಲಿ ಬರುವವರು ವಿಮಾನ ಇಳಿಯುವ ಮೊದಲೇ ಅದರ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ, ಫೋನ್ ಇಲ್ಲದಿದ್ದರೆ ಪಕ್ಕದ ಸೀಟಿನವರ ಫೋನಿನಲ್ಲಿ ತೆಗೆಸಿ ಮನೆಯ ನಂಬರಿಗೆ ಕಳಿಸಲು ಹೇಳಿ.